ಬ್ರೇಕ್ ಮೇಡಂ ಹಾಡು ಕಲಿತದ್ದು

"ಸಾಕು, ನಿಲ್ಲಿಸಿ!"

ಅವಳು ಹಾಡಿನ ಎರಡನೇ ಸಾಲಿಗೆ ಬಾಯಿ ತೆರೆದಿದ್ದಳಷ್ಟೇ. ಕೀಬೋರ್ಡಿನ ಮುಂದೆ ಕೂತಿದ್ದವನು ಕೈ ಎತ್ತಿಬಿಟ್ಟಿದ್ದ.

"ಯಾಕೆ? ಏನಾಯ್ತು?"

"ನೀವು ಹಾಡ್ತಾ ಇಲ್ಲ. ಜಗಳ ಆಡ್ತಾ ಇದ್ದೀರ."

"ಏನಂದ್ರಿ?!"

"ದವಡೆ ಬಿಗಿ ಹಿಡಿದಿದ್ದೀರ. ಭುಜ ಕಿವಿಗೆ ತಾಗ್ತಾ ಇದೆ. ಕತ್ತಿನ ನರ ಎದ್ದು ನಿಂತಿದೆ. ಹೀಗೆ ಹಾಡಿದ್ರೆ ಕೇಳೋರಿಗೆ ಖುಷಿ ಆಗಲ್ಲ, ಹೆದರಿಕೆ ಆಗುತ್ತೆ."

ಅವಳ ಕಿವಿ ಕೆಂಪಾದವು. ಮೊದಲ ದಿನ, ಮೊದಲ ಹಾಡು... ಬಾಯಿಮಾತಿಗಾದರೂ 'ಪರವಾಗಿಲ್ಲ' ಎನ್ನಬಾರದೇ ಈ ಮನುಷ್ಯ!

ಕೋಪ ಅವಳಿಗೆ ಹೊಸದೇನಲ್ಲ. ಅಪ್ಪ ನಡೆಸುವ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು ಅವಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಪಕ್ಕದ ಸೀಟಿನಲ್ಲಿ ಕೂತು "ಬ್ರೇಕ್! ಬ್ರೇಕ್ ಅಂದೆ! ಅದು ಬ್ರೇಕಾ?!" ಎಂದು ಕೂಗುವುದೇ ಕೆಲಸ. ಕಲಿಯಲು ಬಂದವರು ಅವಳಿಗೆ ಬ್ರೇಕ್ ಮೇಡಂ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅಷ್ಟು ಧೈರ್ಯವಿದ್ದವರು ಕಾರನ್ನು ತಾವಾಗಿಯೇ ಕಲಿತುಬಿಡುತ್ತಿದ್ದರು.

"ನಾನು ಬಂದಿರೋದು ಹಾಡು ಕಲಿಯೋಕೆ ಮೇಷ್ಟ್ರೇ, ಬೈಸ್ಕೊಳ್ಳೋಕಲ್ಲ!"

"ನಾನು ಬೈದಿಲ್ಲ. ತಪ್ಪು ಏನು ಅಂತ ಹೇಳಿದೆ." ಅವನ ದನಿ ಮೆತ್ತಗಿತ್ತು, ಸ್ವಲ್ಪ ಒಡಕು ಒಡಕಾಗಿಯೂ ಇತ್ತು. "ಇದು ಸರಿಹೋಗೋ ತಪ್ಪು."

ಅವಳು ಬ್ಯಾಗನ್ನು ಹೆಗಲಿಗೆ ಎಸೆದುಕೊಂಡು ದಡದಡನೆ ಮೆಟ್ಟಿಲಿಳಿದಳು.

ಆ ಕೋಣೆ ಇದ್ದದ್ದು ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಮೇಲೆ. ಕೆಳಗಿನಿಂದ ಡ್ರಿಲ್ಲಿನ 'ಝುಂಯ್' ಸದ್ದು ಕೇಳಿಬರುತ್ತಿತ್ತು. ಅವಳಿಗೆ ಅದು ತನ್ನ ತಲೆಯೊಳಗಿಂದಲೇ ಬಂದಂತಾಯಿತು.

'ಮತ್ತೆ ಈ ಮೆಟ್ಟಿಲು ಹತ್ತಿದರೆ ಕೇಳಿ!'

ಆದರೆ ಮೆಟ್ಟಿಲು ಮುಗಿಯುವ ಮೊದಲೇ ಕಾಲು ನಿಂತಿತು.

ಸರಿಹೋಗೋ ತಪ್ಪು...

ಈ ಮಾತನ್ನು ಇದುವರೆಗೆ ಯಾರೂ ಅವಳಿಗೆ ಹೇಳಿರಲಿಲ್ಲ. ಚಿಕ್ಕಂದಿನಲ್ಲಿ ಶಾಲೆಯ ಸಂಗೀತದ ಟೀಚರ್ ಅವಳನ್ನು ಹಿಂದಿನ ಸಾಲಿಗೆ ತಳ್ಳಿ, ಎಲ್ಲರೆದುರಿಗೆ ಹೇಳಿದ್ದು ಬೇರೆಯೇ. "ನಿನಗೆ ಶ್ರುತಿನೇ ಇಲ್ಲಮ್ಮ. ನೀನು ಬಾಯಿ ಮಾತ್ರ ಆಡಿಸು, ದನಿ ತೆಗೀಬೇಡ." ಗೆಳತಿಯರು ಕಿಸಕ್ಕೆಂದು ನಕ್ಕಿದ್ದರು. ಅಂದಿನಿಂದ ಅವಳು ಸ್ನಾನದ ಮನೆಯಲ್ಲಿ ಕೂಡ ಹಾಡಿದವಳಲ್ಲ. ಹಾಡಬೇಕೆನಿಸಿದಾಗಲೆಲ್ಲ ಕೋಪ ಬರುತ್ತಿತ್ತು.

ಮೂವತ್ತು ದಾಟಿದ ಮೇಲೆ, ಊರಿನ ಗಾಯನ ವೃಂದಕ್ಕೆ ಹೊಸಬರನ್ನು ಸೇರಿಸಿಕೊಳ್ಳುತ್ತಾರೆ ಎಂದು ತಂಗಿ ಹೇಳಿದಾಗ, ಅವಳೊಳಗೆ ಏನೋ ಒದ್ದುಕೊಂಡು ಎದ್ದಿತ್ತು. ಒಂದೇ ಒಂದು ಸಲ, ಎಲ್ಲರ ನಡುವೆ ನಿಂತು, ಬರೀ ಬಾಯಿ ಆಡಿಸದೆ ನಿಜವಾಗಿ ಹಾಡಬೇಕು!

ಮುಂದಿನ ವಾರ ಅವಳು ಮತ್ತೆ ಮೆಟ್ಟಿಲು ಹತ್ತಿದಳು. ಮುಖ ಮಾತ್ರ ಗಂಟು ಹಾಕಿಕೊಂಡೇ ಇತ್ತು.

"ಬಂದ್ರಾ!" ಎಂದು ಮೇಷ್ಟ್ರು ನಕ್ಕ.

"ದುಡ್ಡು ಮುಂಗಡ ಕೊಟ್ಬಿಟ್ಟಿದ್ನಲ್ಲ, ಅದಕ್ಕೆ."

*

ಪಾಠ ಎಂದರೆ ಹಾಡು ಎಂದುಕೊಂಡಿದ್ದಳು ಅವಳು. ಮೊದಲ ಕೆಲವು ವಾರ ಅವನು ಹಾಡಿಸಲೇ ಇಲ್ಲ!

ನೆಲದ ಮೇಲೆ ಮಲಗಿಸಿ ಹೊಟ್ಟೆಯ ಮೇಲೆ ದಿಂಬು ಇಟ್ಟ. "ಉಸಿರು ತಗೊಂಡಾಗ ದಿಂಬು ಮೇಲೇಳಬೇಕು. ಭುಜ ಅಲ್ಲ."

"ಮಲಗೋಕೆ ನನ್ನ ಮನೇಲೂ ಜಾಗ ಇದೆ."

"ಮನೇಲೂ ಮಾಡಿ. ಒಳ್ಳೇದೇ."

ತುಟಿ ಸಡಿಲ ಬಿಟ್ಟು 'ಬ್ರ್ರ್ರ್ರ್' ಎನ್ನಿಸಿದ. ಅವಳಿಗೆ ಅದು ಮುಂಜಾನೆ ಸ್ಟಾರ್ಟ್ ಆಗದ ಹಳೇ ಕಾರಿನ ಸದ್ದಿನಂತೆ ಕೇಳಿಸಿ, ಕೋಪದ ನಡುವೆಯೇ ನಗು ಉಕ್ಕಿತು.

"ನೋಡಿ... ನಕ್ಕಾಗ ದವಡೆ ತಾನಾಗೇ ಸಡಿಲ ಆಯ್ತು. ಈಗ ಹಾಡಿ, ಬೇಗ!"

ಅವಳು ಹಾಡಿದಳು. ಸಾಲಿನ ಆರಂಭ ಚೆನ್ನಾಗಿ ಬಂತು. ಕೊನೆಗೆ ಬರುವಷ್ಟರಲ್ಲಿ ಸ್ವರ ಜಾರಿ ಕೆಳಗಿಳಿಯಿತು. ಅವಳಿಗೇ ಗೊತ್ತಾಯಿತು.

"ನನಗೆ ಶ್ರುತಿನೇ ಇಲ್ಲ," ಎಂದಳು ಹಲ್ಲು ಕಚ್ಚಿ. "ಗೊತ್ತು ನನಗೆ. ಕಿವಿನೇ ಕೆಟ್ಟಿದೆ."

"ಯಾರು ಹೇಳಿದ್ದು?"

ಅವಳು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಶುರುವಲ್ಲಿ ಸರಿಯಾಗಿ ಹಿಡಿದ್ರಲ್ಲ? ಕಿವಿ ಕೆಟ್ಟಿದ್ರೆ ಶುರುನೇ ತಪ್ತಿತ್ತು. ಸಾಲಿನ ಕೊನೆಗೆ ನಿಮ್ಮ ಉಸಿರು ಮುಗಿದುಹೋಗುತ್ತೆ, ಅದಕ್ಕೇ ಸ್ವರ ಕುಸಿಯುತ್ತೆ. ಕಿವಿ ನೆಟ್ಟಗಿದೆ ನಿಮ್ಮದು."

"ಕಿವಿ... ಕೆಟ್ಟಿಲ್ವಾ?"

"ಇಲ್ಲ."

ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಇಷ್ಟು ವರ್ಷ... ಒಂದು ಉಸಿರಿನ ಲೆಕ್ಕ ತಪ್ಪಿದ್ದಕ್ಕೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆನಾ! ಕಣ್ಣು ತುಂಬಿ ಬಂತು. ಅದನ್ನು ಅವನಿಗೆ ತೋರಿಸುವುದಕ್ಕಿಂತ ರಸ್ತೆಗೆ ತೋರಿಸುವುದೇ ವಾಸಿ ಎನಿಸಿತು.

ಅವನು ಒಂದೇ ಒಂದು ಸ್ವರವನ್ನು ಮೆಲ್ಲಗೆ ಒತ್ತಿ ಹಿಡಿದು, ಅವಳು ತಿರುಗುವವರೆಗೂ ಕಾದ.

ಆ ದಿನದಿಂದ ವಾರದ ಆ ಒಂದು ಗಂಟೆಗಾಗಿ ಅವಳು ಕಾಯತೊಡಗಿದಳು. ತನಗೆ ತಾನೇ ಒಪ್ಪಿಕೊಳ್ಳಲಿಲ್ಲ, ಅದು ಬೇರೆ ಮಾತು.

ಆದರೆ ಅವನ ಮೇಲೆ ಒಂದು ತಕರಾರು ಮಾತ್ರ ಇದ್ದೇ ಇತ್ತು. ಅವನು ಒಂದು ದಿನವೂ ಹಾಡಿ ತೋರಿಸುತ್ತಿರಲಿಲ್ಲ! ಎಲ್ಲವೂ ಕೀಬೋರ್ಡಿನಲ್ಲೇ.

"ಒಂದ್ಸಲ ನೀವೇ ಹಾಡಿ ತೋರಿಸ್ಬಾರ್ದಾ?"

"ನನ್ನ ಹಾಡು ಕೇಳಿ ಏನು ಮಾಡ್ತೀರಾ? ನಿಮ್ಮದು ನೀವು ಹಾಡಿ."

'ಬರಲ್ಲ ಅಂತ ಕಾಣುತ್ತೆ,' ಎಂದುಕೊಂಡಳು. 'ಕಾರು ಓಡಿಸಲು ಬಾರದವನು ಕಾರು ಕಲಿಸಿದ ಹಾಗೆ.'

ಎಲ್ಲಕ್ಕಿಂತ ದೊಡ್ಡ ಕಾಟ ಎತ್ತರದ ಸ್ವರದ್ದು. ಕೆಳಗಿನ ಸ್ವರಗಳು ಎದೆಯಲ್ಲಿ ಗುಂಯ್ಗುಡುತ್ತಿದ್ದವು. ಮೇಲಕ್ಕೆ ಹೋಗುತ್ತಿದ್ದಂತೆ ಒಂದು ಜಾಗದಲ್ಲಿ ದನಿ ಟಪ್ಪೆಂದು ಒಡೆಯುತ್ತಿತ್ತು. ಪ್ರತಿ ಸಲವೂ ಅದೇ ಜಾಗ. ಅವಳು ಇನ್ನಷ್ಟು ಜೋರು ಮಾಡುತ್ತಿದ್ದಳು, ಅದು ಇನ್ನಷ್ಟು ಕೆಟ್ಟದಾಗಿ ಒಡೆಯುತ್ತಿತ್ತು.

"ಅಲ್ಲಿ ದನಿಯ ದಾರಿ ಬದಲಾಗುತ್ತೆ," ಎಂದ ಅವನು. "ಎದೆಯಿಂದ ತಲೆಗೆ. ನೀವು ದಾರಿ ಬಿಡ್ತಾ ಇಲ್ಲ, ತಳ್ತಾ ಇದ್ದೀರ."

"ಗಾಡಿ ಏರು ಹತ್ತೋವಾಗ ಜೋರು ಮಾಡದೆ ಇನ್ನೇನು ಮಾಡ್ಬೇಕು!" ಎಂದು ರೇಗಿದವಳು ಥಟ್ಟನೆ ನಿಂತಳು. "ತಡೀರಿ... ಆಕ್ಸಿಲರೇಟರ್ ಒತ್ಕೊಂಡೇ ಗೇರ್ ಹಾಕಿದ್ರೆ ಕರಕರ ಅನ್ನುತ್ತೆ. ಮೊದಲು ಕಾಲು ಹಗುರ ಮಾಡ್ಬೇಕು. ಆಮೇಲೆ ಗೇರು."

"ನಂಗೆ ಕಾರು ಗೊತ್ತಿಲ್ಲ. ಆದ್ರೆ ನೀವು ಹೇಳಿದ್ದು ಸರಿ ಅನ್ಸುತ್ತೆ. ಮಾಡಿ ನೋಡಿ."

ಆ ಜಾಗ ಬರುವ ಮೊದಲೇ ಅವಳು ದನಿಯನ್ನು ಹಗುರ ಮಾಡಿದಳು. ಹೊಟ್ಟೆಯಲ್ಲಿ ಉಸಿರು ಇತ್ತು. ದವಡೆ ಸಡಿಲವಿತ್ತು. ಸ್ವರ ಜಾರಿಕೊಂಡು ಮೇಲೇರಿ, ಒಡೆಯದೆ ಅಲ್ಲೇ ನಿಂತಿತು!

ಸಣ್ಣ ದನಿ. ಆದರೆ ಅವಳದೇ ದನಿ.

ಅವನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತ್ತು. ಕಣ್ಣಲ್ಲಿ ನೀರಿತ್ತೋ, ಬೆಳಕಿತ್ತೋ...

"ಇನ್ನೊಂದ್ಸಲ," ಎಂದ, ಕೇಳಿಸಿಯೂ ಕೇಳಿಸದ ಹಾಗೆ.

ಅವಳ ಎದೆ ಡವಗುಟ್ಟಿತು. ಹಾಡಿಗೋ, ಆ ನೋಟಕ್ಕೋ... ಅವಳಿಗೂ ತಿಳಿಯಲಿಲ್ಲ.

*

ಗಾಯನ ವೃಂದದ ಆಯ್ಕೆ ಹತ್ತಿರ ಬಂತು. ಡ್ರೈವಿಂಗ್ ಶಾಲೆಗೂ ಅದೇ ಸಮಯಕ್ಕೆ ಜನ ಹೆಚ್ಚಿದರು. ಹಗಲೆಲ್ಲ ಕೂಗಾಟ, ಸಂಜೆ ಅಭ್ಯಾಸ. ಅವಳ ದನಿ ಬೆಳಿಗ್ಗೆ ಏಳುವಾಗಲೇ ಗೊಗ್ಗರಾಗಿರುತ್ತಿತ್ತು.

"ಇದು ಯಾವಾಗಿಂದ ಹೀಗಿದೆ?" ಎಂದು ಕೇಳಿದ ಮೇಷ್ಟ್ರು.

"ಕೆಲಸ ಜಾಸ್ತಿ. ಬಿಸಿನೀರು ಕುಡಿದ್ರೆ ಹೋಗುತ್ತೆ."

"ಗಂಟಲಿನ ಡಾಕ್ಟರ್‌ಗೆ ಒಮ್ಮೆ ತೋರಿಸಿ."

"ಆಯ್ಕೆ ಮುಗೀಲಿ."

"ಅದಕ್ಕಿಂತ ಮೊದಲು ತೋರಿಸಿ. ದಯವಿಟ್ಟು."

"ಅಯ್ಯೋ! ಹಾಡು ಕಲಿಸಿ ಅಂದ್ರೆ ಆಸ್ಪತ್ರೆ ದಾರಿ ತೋರಿಸ್ತೀರಲ್ಲ!"

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಸುಮ್ಮನಾದ. ಆಮೇಲೆ ಎಲ್ಲ ಕೆಟ್ಟದ್ದು ಆ ಸುಮ್ಮನಾದದ್ದರಿಂದಲೇ.

ಆಯ್ಕೆಯ ದಿನ ಅವಳು ಚೆನ್ನಾಗಿಯೇ ಹಾಡಿದಳು. ಮೇಲಿನ ಸ್ವರ ಒಡೆಯಲಿಲ್ಲ. ಸಾಲಿನ ಕೊನೆ ಜಾರಲಿಲ್ಲ. ಕೇಳುತ್ತಿದ್ದವರಲ್ಲಿ ಇಬ್ಬರು ತಲೆದೂಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಮನೆಗೆ ಹೋಗುವಾಗ ಕಾರಿನೊಳಗೆ ಒಬ್ಬಳೇ ನಗುತ್ತಿದ್ದಳು.

ಆದರೆ ಅವಳನ್ನು ತೆಗೆದುಕೊಳ್ಳಲಿಲ್ಲ.

ಎರಡು ದಿನ ಒಳಗೊಳಗೇ ಕುದ್ದಳು. ಮೂರನೇ ದಿನ ಸೀದಾ ವೃಂದದ ಕಾರ್ಯದರ್ಶಿಯ ಮನೆಗೆ ಹೋದಳು. ವಯಸ್ಸಾದ ಹೆಂಗಸು, ಮನಸ್ಸಲ್ಲಿ ಏನೂ ಇಟ್ಟುಕೊಳ್ಳುವವರಲ್ಲ.

"ನಾನೇನು ತಪ್ಪು ಹಾಡಿದೆ ಅಂತ ತಿಳ್ಕೊಂಡು ಹೋಗೋಣ ಅಂತ ಬಂದೆ, ಅಮ್ಮ."

"ತಪ್ಪೆಲ್ಲಿ ಹಾಡಿದೆ! ನಮಗೆಲ್ಲ ಇಷ್ಟ ಆಗಿತ್ತು. ನಿಮ್ಮ ಮೇಷ್ಟ್ರೇ ಅಲ್ವಾ ಬಂದು, ಈ ಸಲ ಇವರನ್ನ ತಗೋಬೇಡಿ ಅಂದಿದ್ದು? ಹೇಳಲಿಲ್ವಾ ನಿಂಗೆ?"

ಅವಳ ತಲೆಯೊಳಗೆ ಏನೋ ಧಗ್ಗೆಂದಿತು.

*

ಆ ದಿನ ಅವಳು ಮೆಟ್ಟಿಲು ಹತ್ತಿದ ರಭಸಕ್ಕೆ ಕೆಳಗೆ ಹಲ್ಲಿನ ಡಾಕ್ಟರು ಡ್ರಿಲ್ ನಿಲ್ಲಿಸಿ ಬಾಗಿಲಿಗೆ ಬಂದು ನೋಡಿದರಂತೆ.

"ನನ್ನ ತಗೋಬೇಡಿ ಅಂತ ನೀವೇ ಹೇಳಿದ್ದಾ?"

ಅವನು ಎದ್ದು ನಿಂತ. ಮುಖ ಬಿಳಿಚಿಕೊಂಡಿತು.

"ಹೌದಾ, ಅಲ್ವಾ? ಒಂದೇ ಮಾತಲ್ಲಿ ಹೇಳಿ!"

"ಹೌದು. ಆದ್ರೆ ಯಾಕೆ ಅಂತ ಕೇಳಿ..."

"ಕೇಳಲ್ಲ! ನನ್ನ ಹೊಟ್ಟೆ ಮೇಲೆ ದಿಂಬು ಇಟ್ಟು, 'ಕಿವಿ ನೆಟ್ಟಗಿದೆ' ಅಂತ ನನ್ನ ಕಣ್ಣಲ್ಲಿ ನೀರು ಬರಿಸಿ, ಆಮೇಲೆ ನನ್ನ ಬೆನ್ನ ಹಿಂದೆ ಹೋಗಿ ಬೇಡ ಅಂತ ಹೇಳಿ ಬಂದ್ರಾ?"

"ನಿಮ್ಮ ಗಂಟಲು ಸರಿ ಇಲ್ಲ. ದಿನಾ ಗಂಟೆಗಟ್ಟಲೆ ಅಭ್ಯಾಸ ಇರುತ್ತೆ ಅಲ್ಲಿ. ದನಿ ಹೋಗಿಬಿಡುತ್ತೆ ಅಂತ ಭಯ ಆಯ್ತು..."

"ನನ್ನ ಗಂಟಲು! ನನ್ನದು! ಅದರ ವಿಷಯ ನಿರ್ಧಾರ ಮಾಡೋಕೆ ನೀವ್ಯಾರು? ನನ್ನ ಒಂದು ಮಾತು ಕೇಳಿದ್ರಾ?"

"ಕೇಳಿದ್ರೆ ನೀವು ಒಪ್ತಿರಲಿಲ್ಲ."

"ಒಪ್ಪದೇ ಇರೋ ಹಕ್ಕು ನನಗಿತ್ತು!" ಅವಳು ಕಿರುಚಿದಳು. "ಅವತ್ತು ಆ ಟೀಚರ್ ಬಾಯಿ ಮಾತ್ರ ಆಡಿಸು ಅಂದ್ರು. ಅವರಾದ್ರೂ ಮುಖಕ್ಕೆ ಹೊಡೆದ ಹಾಗೆ ಹೇಳಿದ್ರು! ನೀವು ಅವರಿಗಿಂತ..."

ಕಡೆ, ಎನ್ನಬೇಕೆಂದಿದ್ದಳು.

ದನಿಯೇ ಬರಲಿಲ್ಲ.

ಮತ್ತೆ ಬಾಯಿ ತೆರೆದಳು. ಬರೀ ಗಾಳಿ. ಗಂಟಲೊಳಗೆ ಯಾರೋ ಮುಳ್ಳು ಎಳೆದ ಹಾಗೆ ನೋವು. ಅವಳ ಕೈ ತಾನಾಗಿ ಕತ್ತಿಗೆ ಹೋಯಿತು.

"ಮಾತಾಡ್ಬೇಡಿ!" ಅವನು ಗಾಬರಿಯಿಂದ ಮುಂದೆ ಬಂದ. "ದಯವಿಟ್ಟು ಪಿಸುಗುಡಲೂಬೇಡಿ. ನಾನು ಆಸ್ಪತ್ರೆಗೆ..."

ಅವಳು ಅವನು ಚಾಚಿದ ಕೈಯನ್ನು ತಳ್ಳಿ, ಬಾಗಿಲನ್ನು ಧಡಾರೆಂದು ಎಳೆದು ಹೊರಟುಹೋದಳು. ಹೇಳಲಾಗದ್ದನ್ನೆಲ್ಲ ಆ ಬಾಗಿಲೇ ಹೇಳಿತು.

*

"ಧ್ವನಿತಂತುಗಳ ಮೇಲೆ ಗಂಟಾಗಿದೆ," ಎಂದರು ಗಂಟಲಿನ ಡಾಕ್ಟರಮ್ಮ. "ಕೂಗಿ ಕೂಗಿ ಆಗಿರೋದು. ಅದೃಷ್ಟಕ್ಕೆ ಇನ್ನೂ ಮೆತ್ತಗಿದೆ, ಆಪರೇಷನ್ ಬೇಡ. ಆದ್ರೆ ನಾನು ಹೇಳೋವರೆಗೂ ಒಂದು ಮಾತೂ ಆಡೋ ಹಾಗಿಲ್ಲ. ಇನ್ನೊಂದಷ್ಟು ದಿನ ಹೀಗೇ ಎಳೆದಿದ್ರೆ ಕಷ್ಟ ಆಗ್ತಿತ್ತು."

ಆ ಕೊನೆಯ ಮಾತು ಅವಳ ಎದೆಗೆ ನಾಟಿತು. ಹಾಗಾದರೆ ಅವನು ಹೇಳಿದ್ದು ನಿಜ.

ನಿಜವಾದರೇನು! ನಿಜ ಹೇಳುವವನು ನನಗೆ ಹೇಳಬೇಕಿತ್ತು!

ಮಾತಿಲ್ಲದ ಕೋಪ ಎಂಥ ಹಿಂಸೆ ಎಂದು ಅವಳಿಗೆ ಆಗ ಗೊತ್ತಾಯಿತು. ಪಾತ್ರೆಗಳು ಸದ್ದು ಮಾಡಿದವು. ಕಪಾಟಿನ ಬಾಗಿಲುಗಳು ಬಡಿದುಕೊಂಡವು.

"ಅಕ್ಕ, ಮೊದಲೇ ವಾಸಿ ಇತ್ತು," ಎಂದಳು ತಂಗಿ. "ಬೈದು ಮುಗಿಸ್ತಿದ್ದೆ. ಈಗ ನೋಡಿದ್ರೇ ಸುಟ್ಟುಹೋಗ್ತೀವಿ."

ಕೆಲಸ ಬಿಡುವ ಹಾಗಿರಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಬೆರಳಿನಿಂದ ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ಬ್ರೇಕ್ ಎಂದು ಅಪ್ಪ ಕಲಿಯುವವರಿಗೆಲ್ಲ ತಿಳಿಹೇಳಿದರು. ಸೋಜಿಗವೆಂದರೆ ಅವರೆಲ್ಲ ಮೊದಲಿಗಿಂತ ಚೆನ್ನಾಗಿ ಓಡಿಸತೊಡಗಿದರು! ಒಬ್ಬ ಹೆಂಗಸಂತೂ, "ಮೇಡಂ, ನೀವು ಹೀಗೇ ಇರಿ," ಎಂದುಬಿಟ್ಟಳು. ಬ್ರೇಕ್ ಮೇಡಂಗೆ ಅದಕ್ಕೂ ಕೋಪ ಬಂತು.

ಹೀಗಿರುವಾಗ ಒಂದು ಬೆಳಿಗ್ಗೆ ಅಪ್ಪ ಕರೆದರು.

"ಮಗಳೇ, ಹೊಸಬರು ಬಂದಿದ್ದಾರೆ. ಒಳ್ಳೇ ಮನುಷ್ಯ. ಸ್ವಲ್ಪ ಪುಕ್ಕಲು. ನಿಧಾನಕ್ಕೆ ಕಲಿಸು."

ಸ್ಟೀರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಕೂತಿದ್ದವನು ಮೇಷ್ಟ್ರು.

ಅವಳ ರಕ್ತ ಕುದಿಯಿತು. ತಿರುಗಿ ಹೋಗೋಣವೆಂದರೆ ಅಪ್ಪ ಬಾಗಿಲಲ್ಲೇ ನಿಂತು ನಗುತ್ತಾ ಕೈ ಬೀಸುತ್ತಿದ್ದರು. ಹಲ್ಲು ಕಡಿದು ಪಕ್ಕದ ಸೀಟಿನಲ್ಲಿ ಕೂತಳು. ಮುಂದಕ್ಕೆ ಬೆರಳು ತೋರಿಸಿದಳು.

ಕಾರು ಕಪ್ಪೆಯ ಹಾಗೆ ನೆಗೆಯಿತು, ನಿಂತಿತು. ಮತ್ತೆ ನೆಗೆಯಿತು. ಹೀಗೇ ಕುಪ್ಪಳಿಸುತ್ತಾ ದೊಡ್ಡ ಸಿಗ್ನಲ್ಲಿನವರೆಗೆ ಬಂತು.

"ನಿಮ್ಮ ಹತ್ರ ಮಾತಾಡೋಕೆ ಬೇರೆ ದಾರಿ ಸಿಗಲಿಲ್ಲ," ಎಂದ ಅವನು, ರಸ್ತೆಯಿಂದ ಕಣ್ಣು ತೆಗೆಯದೆ. "ನಿಮ್ಮ ಮನೆ ಬಾಗಿಲಿಗೆ ಎರಡು ಸಲ ಬಂದೆ. ನಿಮ್ಮ ತಂಗಿ, 'ಅಕ್ಕನ ಕೈಗೆ ಸಿಗ್ಬೇಡಿ' ಅಂದು ವಾಪಸ್ ಕಳಿಸಿದ್ರು."

ಅವಳು ಎದುರಿನ ಕೆಂಪು ದೀಪವನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ನಾನು ಮೊದಲು ವೇದಿಕೆ ಮೇಲೆ ಹಾಡ್ತಿದ್ದೆ. ಒಂದು ದೊಡ್ಡ ಕಾರ್ಯಕ್ರಮ ಇತ್ತು. ಗಂಟಲು ನೋಯ್ತಿತ್ತು. ಎಲ್ಲರೂ ಬೇಡ ಅಂದ್ರು, ಕೇಳಲಿಲ್ಲ. ಹಾಡಿದೆ. ಅರ್ಧ ಹಾಡಲ್ಲಿ ದನಿ ಹರಿದುಹೋಯ್ತು. ಆಪರೇಷನ್ ಆಯ್ತು... ಮಾತು ಉಳೀತು. ಹಾಡು ಉಳೀಲಿಲ್ಲ."

ಅವಳು ನಿಧಾನಕ್ಕೆ ಅವನ ಕಡೆ ತಿರುಗಿದಳು.

"ಹಾಡಿ ತೋರಿಸಿ ಅಂತ ನೀವು ಕೇಳ್ತಿದ್ರಲ್ಲ... ಬೇಡ ಅಂತಲ್ಲ. ಆಗಲ್ಲ. ಅವತ್ತು ನಿಮ್ಮ ದನಿ ಗೊಗ್ಗರು ಆಗಿದ್ದು ಕೇಳಿದಾಗ ನನಗೆ ನನ್ನದೇ ದನಿ ಕೇಳಿಸ್ತು. ಹೆದರಿಬಿಟ್ಟೆ. ಹೆದರಿಕೆಯಲ್ಲಿ ನಿಮ್ಮ ಹತ್ರ ಹೇಳೋ ಬದಲು ಅವರ ಹತ್ರ ಹೋಗಿ ಹೇಳಿದೆ. ಅದು ತಪ್ಪು. ನಿಮ್ಮ ಒಳ್ಳೇದಕ್ಕೆ ಮಾಡಿದೆ ಅಂತ ಹೇಳಲ್ಲ. ನಿಮ್ಮ ಬಾಯಿ ಮುಚ್ಚಿಸಿದೆ. ಕ್ಷಮಿಸಿ ಅಂತ ಕೇಳೋಕೂ ನಾಚಿಕೆ ಆಗುತ್ತೆ."

ಬರೀ ಕೋಪವಾಗಿದ್ದರೆ ಸುಲಭವಿತ್ತು. ಈಗ ಅದರೊಳಗೆ ಸಂಕಟವೂ ಸೇರಿಕೊಂಡಿತು. 'ಕಾರು ಓಡಿಸಲು ಬಾರದವನು' ಎಂದು ಮನಸ್ಸಲ್ಲೇ ಆಡಿಕೊಂಡು ನಕ್ಕಿದ್ದೆನಲ್ಲ...

ಫೋನು ತೆಗೆದು ಟಕಟಕನೆ ಬೆರಳಾಡಿಸಿ, ಅವನ ಮುಖಕ್ಕೆ ಹಿಡಿದಳು.

'ನನಗೇ ನೇರವಾಗಿ ಯಾಕೆ ಹೇಳಲಿಲ್ಲ?'

ಅಷ್ಟರಲ್ಲಿ ದೀಪ ಹಸಿರಾಯಿತು. ಹಿಂದಿನಿಂದ ಹಾರ್ನು ಶುರುವಾಯಿತು. ಅವನು ಗಡಿಬಿಡಿಯಲ್ಲಿ ಕ್ಲಚ್ಚಿನಿಂದ ಕಾಲು ಎತ್ತಿದ. ಕಾರು ಗಕ್ಕೆಂದು ನಿಂತೇಹೋಯಿತು.

"ಹೇಳಿದ್ರೆ ನೀವು ಸಿಟ್ಟು ಮಾಡ್ಕೊಂಡು ಬಿಟ್ಟು ಹೋಗ್ತೀರ ಅಂತ! ನೀವು ಬರೋ ಆ ಒಂದು ಗಂಟೆ ಇಲ್ಲದಿದ್ರೆ ನನ್ನ ವಾರ ಬರೀ ಖಾಲಿ... ನನಗೆ ನಿಮ್ಮ ಮೇಲೆ..."

"ಏನ್ರೀ, ಅಲ್ಲೇ ಮನೆ ಕಟ್ಟಿಸ್ತೀರಾ?" ಹಿಂದಿನ ಲಾರಿಯವನು ತಲೆ ಹೊರಗೆ ಹಾಕಿ ಅಬ್ಬರಿಸಿದ.

"ನಿಮ್ಮನ್ನ ಪ್ರೀತಿಸ್ತೀನಿ!" ಎಂದು ಮೇಷ್ಟ್ರು, ಅಷ್ಟೂ ಹಾರ್ನುಗಳ ಮೇಲೆ, ತನ್ನ ಒಡಕು ದನಿಯಲ್ಲಿ ಕೂಗಿಯೇಬಿಟ್ಟ.

ಅವಳ ಕೆನ್ನೆ ಕಾದ ಹೆಂಚಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡೇ ಫೋನಿನಲ್ಲಿ ಒಂದೇ ಒಂದು ಪದ ಒತ್ತಿ ತೋರಿಸಿದಳು.

'ಕ್ಲಚ್!'

*

ಅವನು ಮರುದಿನವೂ ಬಂದ. ಅದರ ಮರುದಿನವೂ. ಉತ್ತರ ಕೇಳಲಿಲ್ಲ. ಕಾರು ಕಲಿತ, ಅಷ್ಟೇ. ಅವಳು ತಟ್ಟಿದಾಗ ನಿಧಾನ ಮಾಡಿದ, ಎರಡು ಸಲ ತಟ್ಟಿದಾಗ ನಿಲ್ಲಿಸಿದ. ಮಾತಿಲ್ಲದ ಆ ಕಾರಿನೊಳಗೆ ಅವಳ ಕೋಪ ದಿನದಿನಕ್ಕೂ ಬಣ್ಣ ಬದಲಿಸಿತು. ಹೋಗಲಿಲ್ಲ, ಬದಲಿಸಿತು.

ಕೊನೆಗೊಂದು ದಿನ ಡಾಕ್ಟರಮ್ಮ ಒಪ್ಪಿಗೆ ಕೊಟ್ಟರು. "ಗಂಟು ಕರಗ್ತಾ ಇದೆ. ಇವತ್ತಿಂದ ದಿನಕ್ಕೆ ಒಂದೈದು ನಿಮಿಷ ಮಾತಾಡ್ಬಹುದು. ಮೆಲ್ಲಗೆ. ಕೂಗೋ ಹಾಗಿಲ್ಲ."

ಅಪ್ಪನಿಗೆ, ತಂಗಿಗೆ ಒಂದು ಮಾತೂ ಆಡದೆ, ಆ ಐದು ನಿಮಿಷವನ್ನು ಹಾಗೇ ಹೊತ್ತುಕೊಂಡು ಅವಳು ಹಲ್ಲಿನ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದಳು.

"ಕೂತ್ಕೊಳ್ಳಿ," ಎಂದಳು.

ಅವನು ಕೂತ.

"ನಿಮಗೆ ಏನು ಅಧಿಕಾರ ಇತ್ತು? ಹೆದರಿಕೆ ಆಯ್ತಂತೆ! ನಿಮ್ಮ ಹೆದರಿಕೆಗೆ ನಾನು ಯಾಕೆ ಬಾಯಿ ಮುಚ್ಕೋಬೇಕು? ನಿಮಗೆ ಆಗಿದ್ದನ್ನ ನನ್ನ ಮುಂದೆ ಹೇಳಿದ್ರೆ ನಾನು ಕೇಳ್ತಿರಲಿಲ್ಲ ಅಂತ ಹೇಗೆ ಗೊತ್ತು? ಕೇಳ್ತಿದ್ನೇನೋ! ಜಗಳ ಆಡಿ, ಒಂದು ವಾರ ಮುಖ ಊದಿಸ್ಕೊಂಡು, ಆಮೇಲೆ ಡಾಕ್ಟರ್ ಹತ್ರ ಹೋಗ್ತಿದ್ನೇನೋ! ಆ ಅವಕಾಶನೇ ಕೊಡಲಿಲ್ಲ ನೀವು ನನಗೆ..."

ಕೂಗುವ ಹಾಗಿರಲಿಲ್ಲ. ಅದಕ್ಕೇ ಉಸಿರನ್ನು ಹೊಟ್ಟೆಯಿಂದ ತೆಗೆದು, ಒಂದೊಂದು ಮಾತನ್ನೂ ಮೆಲ್ಲಗೆ ಇಟ್ಟು ಬೈದಳು. ಕೂಗಿದ್ದರೆ ಅವನು ಇಷ್ಟು ಕುಗ್ಗುತ್ತಿರಲಿಲ್ಲ. ಆದರೆ ಬೈಯುವುದರ ನಡುವೆ ಅವನ ಮುಖ ಒಂದು ಥರ ಅರಳಿತು.

"ಏನು ನಗು?"

"ದವಡೆ ಸಡಿಲ ಇದೆ. ಭುಜ ಕೆಳಗಿದೆ. ಮಾತಿನ ಕೊನೆವರೆಗೂ ಉಸಿರಿದೆ..."

"ಪಾಠ ಮಾಡ್ಬೇಡಿ! ಬೈತಾ ಇದ್ದೀನಿ ನಾನು!"

"ಬೈರಿ, ಬೈರಿ. ವೃಂದದವರ ಹತ್ರ ಹೋಗಿದ್ದೆ..."

"ಮತ್ತೆ ನನ್ನ ಕೇಳದೆ ಹೋದ್ರಾ?!"

"ನಾನು ಮಾಡಿದ್ದು ತಪ್ಪು ಅಂತ ಹೇಳಿ ಬರೋಕೆ, ಅಷ್ಟಕ್ಕೇ. ಮುಂದಿನ ಆಯ್ಕೆಗೆ ಹೋಗೋದು, ಬಿಡೋದು ನಿಮಗೆ ಬಿಟ್ಟದ್ದು. ನಾನು ಆ ಕಡೆ ತಲೆ ಹಾಕಲ್ಲ." ಅವನು ಗಡಿಯಾರ ನೋಡಿ ಅಳುಕಿದ. "ನಿಮ್ಮ... ಸಮಯ ಆಯ್ತು."

ಅವಳು ಬಾಯಿ ತೆರೆದಳು, ಮುಚ್ಚಿದಳು. ಬೈಯುವುದರಲ್ಲೇ ಎಲ್ಲ ಖರ್ಚಾಗಿತ್ತು! ನಿಜವಾಗಿ ಹೇಳಬೇಕೆಂದು ಬಂದದ್ದು ಹಾಗೇ ಗಂಟಲಲ್ಲಿ ಉಳಿಯಿತು. ನೆಲಕ್ಕೆ ಕಾಲು ಅಪ್ಪಳಿಸಿ ಹೊರಟಳು.

ಮರುದಿನ ಬೈಯಲು ಬೇರೆ ವಿಷಯ ಸಿಕ್ಕಿತು. ಅದರ ಮರುದಿನ ಇನ್ನೊಂದು.

ನಿಮಿಷಗಳು ಬೆಳೆದವು. ಮಾತು ಮರಳಿತು. ಆಮೇಲೆ ಪಾಠವೂ ಮತ್ತೆ ಶುರುವಾಯಿತು, ಮೊದಲ ಅಕ್ಷರದಿಂದ. ಸಣ್ಣ ಸ್ವರ, ಸಣ್ಣ ಉಸಿರು. ಒಂದೇ ಸಾಲನ್ನು ವಾರಗಟ್ಟಲೆ ಹಾಡಿದಳು. ಕಾರಿನಲ್ಲಿ ಈಗ ಕೂಗಾಟವಿರಲಿಲ್ಲ. "ಬ್ರೇಕ್" ಎಂದು ಮೆಲ್ಲಗೆ ಅನ್ನುತ್ತಿದ್ದಳು, ಜನ ಮೊದಲಿಗಿಂತ ಹೆಚ್ಚು ಹೆದರುತ್ತಿದ್ದರು. ಮೇಷ್ಟ್ರು ಯಾವ ಹೊಸ ಪಾಠಕ್ಕೂ ಮೊದಲು, "ಇದು ಮಾಡೋಣ್ವಾ? ಗಂಟಲು ಒಪ್ಪುತ್ತಾ?" ಎಂದು ಕೇಳುತ್ತಿದ್ದ. ಕೆಲವು ದಿನ ಅವಳು ಬೇಕೆಂದೇ "ಬೇಡ" ಎನ್ನುತ್ತಿದ್ದಳು. ಅವನು ಮರುಮಾತಿಲ್ಲದೆ ಬಿಡುತ್ತಿದ್ದ.

*

ಮುಂದಿನ ಆಯ್ಕೆಯ ದಿನ ಅವನು ಸಭಾಂಗಣದ ಒಳಗೆ ಕಾಲಿಡಲಿಲ್ಲ. ಎದುರಿನ ರಸ್ತೆ ಬದಿಯಲ್ಲಿ, ಡ್ರೈವಿಂಗ್ ಶಾಲೆಯ ಕಾರಿಗೆ ಒರಗಿ ನಿಂತಿದ್ದ. ಗೋಡೆಗಳಾಚೆ ಅವಳು ಹಾಡುತ್ತಿರುವುದು ಅವನಿಗೆ ಕೇಳಿಸುತ್ತಿರಲಿಲ್ಲ. ಕೈ ಮಾತ್ರ ಸುಮ್ಮನಿರದೆ ಗಾಳಿಯಲ್ಲೇ ಸ್ವರ ಒತ್ತುತ್ತಿತ್ತು.

ಒಳಗೆ ಅವಳು ಕೊನೆಯ ಸಾಲಿಗೆ ಬಂದಿದ್ದಳು. ಉಸಿರು ಇನ್ನೂ ಇತ್ತು. ಮೇಲಿನ ಸ್ವರ ಬಂತು, ಅವಳು ಹಗುರಾದಳು, ಅದು ನಿಂತಿತು. ಯಾರೂ ಅವಳನ್ನು ನಿಲ್ಲಿಸಲಿಲ್ಲ.

ಹೊರಗೆ ಬಂದಾಗ ಅವಳ ಮುಖ ಕೆಂಡದಂತಿತ್ತು. ಮೇಷ್ಟ್ರು ಎರಡೇ ಹೆಜ್ಜೆಗೆ ಎದುರು ಬಂದ.

"ಏನಂದ್ರು?"

"ಸೇರಿಸ್ಕೊಂಡ್ರು."

"ನಿಜವಾಗ್ಲೂ?! ಮತ್ತೆ... ಮುಖ ಯಾಕೆ ಹಾಗೆ?"

"ಕೋಪ ಬಂದಿದೆ."

"ಯಾರ ಮೇಲೆ?"

"ನಿನ್ನ ಮೇಲೆ."

ಅವನು ತಬ್ಬಿಬ್ಬಾದ. ಕೋಪಕ್ಕಲ್ಲ. 'ನಿಮ್ಮ' ಅಲ್ಲ... 'ನಿನ್ನ'!

"ನಾನೇನು ಮಾಡ್ದೆ?"

"ಅವತ್ತು ಅಷ್ಟು ಜನರ ಮುಂದೆ ಕೂಗಿ ಹೇಳಿದ್ಯಲ್ಲ. ಆಮೇಲೆ ಒಂದು ದಿನನಾದ್ರೂ ಉತ್ತರ ಕೇಳಿದ್ಯಾ?"

"ನೀವು... ನೀನು ಮಾತಾಡೋ ಹಾಗಿರಲಿಲ್ಲ. ಆಮೇಲೆ... ಒತ್ತಾಯ ಮಾಡ್ಬಾರ್ದು ಅಂತ..."

"ಈಗ ಮಾತಾಡ್ತಾ ಇದ್ದೀನಲ್ಲ!"

"ಹಾಗಿದ್ರೆ... ಕೇಳ್ಲಾ?"

"ಇನ್ನು ಕೇಳೋದೇನು ಬಂತು!" ಅವಳ ದನಿ ಮೊದಲ ಬಾರಿಗೆ ಕೋಪವಿಲ್ಲದೆ ನಡುಗಿತು. "ಪ್ರೀತಿಸ್ತೀನಿ ನಿನ್ನ. ಎಷ್ಟೋ ದಿನದಿಂದ. ಬೈಯೋದ್ರಲ್ಲೇ ಹೊತ್ತು ಹೋಗ್ತಿತ್ತು, ಹೇಳೋಕಾಗಲಿಲ್ಲ..."

ಅವನು ಮೆಲ್ಲಗೆ ಕೇಳಿದ, "ಹಾಗಾದ್ರೆ ಕೋಪ ಹೋಯ್ತಾ?"

"ಇಲ್ಲ. ನನ್ನ ಕೇಳದೆ ಮಾಡಿದ್ಯಲ್ಲ, ಅದು ಪೂರ್ತಿ ಹೋಗೋಕೆ ವರ್ಷಗಳೇ ಬೇಕು."

"ಕಾಯ್ತೀನಿ."

"ದೂರ ನಿಂತು ಕಾಯೋ ಹಾಗಿಲ್ಲ. ಜೊತೇಲಿದ್ದು ಬೈಸ್ಕೋಬೇಕು."

"ಎಲ್ಲಿವರೆಗೆ?"

ಅವಳು ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ನನ್ನ ದನಿ ಇರೋವರೆಗೂ."

"ಹಾಗಿದ್ರೆ ಅದನ್ನ ತುಂಬಾ ಚೆನ್ನಾಗಿ ನೋಡ್ಕೋಬೇಕು ನಾನು."

"ನೋಡ್ಕೋ..." ಎಂದಳು, ಅವನ ಹೆಗಲಿಗೆ ತಲೆಯಿಟ್ಟು. "ಆದ್ರೆ ನನ್ನ ಕೇಳ್ಕೊಂಡು!"